ಹಳೆಯ ಸಿಎನ್‌ಸಿ ಯಂತ್ರವೂ ಹತ್ತನೇ ತರಗತಿಯ ಪಾಠಗಳೂ

(ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ನಿಮ್ಮ ವೃತ್ತಿಯ ಬಗ್ಗೆ ಅರ್ಧ ಗಂಟೆ ಮಾತನಾಡಿ ಎಂದು ಸಮಿತಿಯವರು ಹೇಳಿದ್ದಾರೆ. ನನಗಿಂತ ಮೊದಲು ಮಾತನಾಡಿದವರಲ್ಲಿ ವೈದ್ಯರಿದ್ದರು, ತಹಶೀಲ್ದಾರರಿದ್ದರು. ಅವರ ಕೆಲಸ ಏನೆಂದು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ನನ್ನ ಕೆಲಸ ಹಾಗಲ್ಲ. ಬೆಂಗಳೂರಿನ ಪೀಣ್ಯದಲ್ಲಿ ಕೆಟ್ಟುನಿಂತ ಯಂತ್ರಗಳನ್ನು ಮತ್ತೆ ನಡೆಸುವುದು ನನ್ನ ಕಸುಬು. ಅದರಲ್ಲೂ ಹಳೆಯ ಸಿಎನ್‌ಸಿ ಯಂತ್ರಗಳು. ನಮ್ಮ ಅವ್ವನನ್ನು ಯಾರಾದರೂ "ಮಗ ಏನು ಮಾಡ್ತಾನೆ?" ಅಂತ ಕೇಳಿದರೆ, "ಅದೇನೋ ಮಿಷಿನ್ ಡಾಕ್ಟ್ರು" ಅನ್ನುತ್ತಿದ್ದರು. ಆ ಮಾತು ಹೆಚ್ಚುಕಡಿಮೆ ಸರಿಯೇ. ಇವತ್ತು ಒಂದೇ ಒಂದು ಯಂತ್ರದ ಚಿಕಿತ್ಸೆಯ ಕಥೆ ಹೇಳುತ್ತೇನೆ. ಮಕ್ಕಳು ಒಂದು ವಿಷಯ ಗಮನಿಸುತ್ತಾ ಹೋಗಬೇಕು: ನಿಮ್ಮ ಪಠ್ಯಪುಸ್ತಕದ ಪಾಠಗಳು ಈ ಕಥೆಯಲ್ಲಿ ಎಲ್ಲೆಲ್ಲಿ ಬಂದುಹೋಗುತ್ತವೆ ಅಂತ.

ಮೊದಲು ಯಂತ್ರದ ಪರಿಚಯ. ಕುಂಬಾರರ ತಿಗರಿಯನ್ನು ನಮ್ಮ ಊರಿನ ಹಿರಿಯರೆಲ್ಲ ನೋಡಿದ್ದೀರಿ. ಮಣ್ಣು ತಿರುಗುತ್ತದೆ, ಕೈ ಅದಕ್ಕೆ ಆಕಾರ ಕೊಡುತ್ತದೆ. ಲೇತ್ ಯಂತ್ರ ಅದರದೇ ದೊಡ್ಡ ತಮ್ಮ ಎನ್ನಿ. ಇಲ್ಲಿ ಮಣ್ಣಿನ ಬದಲು ಉಕ್ಕು, ಕೈಯ ಬದಲು ಗಟ್ಟಿಯಾದ ಟೂಲು. ತಿರುಗುವ ಅಚ್ಚಿಗೆ ಸ್ಪಿಂಡಲ್ ಎನ್ನುತ್ತೇವೆ. ಅದರ ತುದಿಯಲ್ಲಿ ಉಕ್ಕಿನ ತುಂಡನ್ನು ಹಿಡಿಯುವುದು ಚಕ್ಕು. ಹಿಂದೆ ಟೂಲನ್ನು ಕೈಯಿಂದ ಚಕ್ರ ತಿರುಗಿಸಿ ನಡೆಸುತ್ತಿದ್ದರು. ಸಿಎನ್‌ಸಿಯಲ್ಲಿ ಆ ಕೆಲಸವನ್ನು ಅಂಕಿಗಳು ಮಾಡುತ್ತವೆ. ಎಷ್ಟು ಮಿಲಿಮೀಟರ್ ಮುಂದೆ ಹೋಗಬೇಕು, ಯಾವ ವೇಗದಲ್ಲಿ, ಸ್ಪಿಂಡಲ್ ಎಷ್ಟು ಸುತ್ತಬೇಕು ಎಂದು ಬರೆದುಕೊಟ್ಟರೆ ಯಂತ್ರ ಅದನ್ನು ಓದಿ ನಡೆಯುತ್ತದೆ. ಈ ವಿದ್ಯೆ ಶುರುವಾದದ್ದು ಅಮೆರಿಕದಲ್ಲಿ. ಹೆಲಿಕಾಪ್ಟರಿನ ರೆಕ್ಕೆಗಳನ್ನು ನಿಖರವಾಗಿ ಮಾಡಬೇಕೆಂದು ಹೊರಟ ಜಾನ್ ಪಾರ್ಸನ್ಸ್ ಎಂಬುವರ ಆಲೋಚನೆಯಿಂದ ಬೆಳೆದು, 1952ರಲ್ಲಿ ಎಂಐಟಿ ಸಂಸ್ಥೆಯಲ್ಲಿ ಅಂಕಿಗಳಿಂದ ನಡೆಯುವ ಮಿಲ್ಲಿಂಗ್ ಯಂತ್ರದ ಪ್ರದರ್ಶನವಾಯಿತು.

ಅದರ ಮರುವರ್ಷವೇ, 1953ರಲ್ಲಿ, ನಮ್ಮ ಬೆಂಗಳೂರಿನಲ್ಲಿ ಎಚ್‌ಎಂಟಿ ಹುಟ್ಟಿತು. ನಿಮ್ಮಲ್ಲಿ ಅನೇಕರಿಗೆ ಎಚ್‌ಎಂಟಿ ಎಂದರೆ ಕೈಗಡಿಯಾರ, ಇಲ್ಲವೇ ಟ್ರ್ಯಾಕ್ಟರು. ಆದರೆ ಅದರ ಪೂರ್ತಿ ಹೆಸರೇ ಹಿಂದೂಸ್ತಾನ್ ಮೆಷೀನ್ ಟೂಲ್ಸ್. ಯಂತ್ರ ಮಾಡುವ ಯಂತ್ರಗಳನ್ನು ಮಾಡಲೆಂದೇ ಅದು ಶುರುವಾದದ್ದು. 1962ರಲ್ಲಿ ಯಂತ್ರೋಪಕರಣಗಳ ಸಂಶೋಧನೆಗೆ ತುಮಕೂರು ರಸ್ತೆಯ ಸಿಎಂಟಿಐ ಬಂತು. 1972ರಲ್ಲಿ ತರಬೇತಿಗೆ ಜಿಟಿಟಿಸಿ ಬಂತು. ಇವುಗಳ ಸುತ್ತ ಬೆಳೆದ ಸಣ್ಣ ಸಣ್ಣ ಶೆಡ್ಡುಗಳೇ ಇವತ್ತಿನ ಪೀಣ್ಯದ ಬೆನ್ನೆಲುಬು. ನಮ್ಮ ಜಿಲ್ಲೆಯಿಂದ ಬಸ್ಸು ಹತ್ತಿ ಹೋದ ಎಷ್ಟೋ ಹುಡುಗರ ಅನ್ನ ಅಲ್ಲಿದೆ.

ಈಗ ಕಥೆಗೆ ಬರುತ್ತೇನೆ. ಪೀಣ್ಯದ ಎರಡನೇ ಹಂತದಲ್ಲಿ ಒಂದು ಶೆಡ್ಡು. ಏಳು ಜನ ಕೆಲಸಗಾರರು. ಬೋರ್‌ವೆಲ್ ಪಂಪಿಗೆ ಬೇಕಾದ ಶಾಫ್ಟು, ಬುಷ್ಷು ಮಾಡುತ್ತಾರೆ. ಅಲ್ಲಿರುವ ಮುಖ್ಯ ಯಂತ್ರ 1980ರ ದಶಕದ್ದು, ಒಂದು ಸಿಎನ್‌ಸಿ ಲೇತ್. ಯಜಮಾನರು ಅದನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡವರು. ಅದು ಬೆಳಿಗ್ಗೆ ಚೆನ್ನಾಗಿ ನಡೆದು, ಮಧ್ಯಾಹ್ನ ಬಿಸಿ ಏರಿದ ಮೇಲೆ ಸ್ಪಿಂಡಲ್ ಅಲಾರಂ ತೋರಿಸಿ ನಿಲ್ಲುತ್ತಿತ್ತು. ಆಮೇಲೆ ಬೆಳಿಗ್ಗೆಯೂ ನಿಲ್ಲತೊಡಗಿತು. ಸ್ಪಿಂಡಲ್ ಮೋಟಾರನ್ನು ನಡೆಸುವ ಡ್ರೈವಿನ ಕಾರ್ಡನ್ನು ಎರಡು ಸಲ ರಿಪೇರಿ ಮಾಡಿಸಿದ್ದರು. ಮೂರನೆಯ ಸಲ ಥೈರಿಸ್ಟರೂ ಹೋಯಿತು, ಫ್ಯೂಸೂ ಹೋಯಿತು. ಆ ಡ್ರೈವನ್ನು ಮಾಡುವುದು ನಿಲ್ಲಿಸಿ ಎಷ್ಟೋ ವರ್ಷಗಳಾಗಿವೆ. ಬಿಡಿಭಾಗ ಬೇಕೆಂದರೆ ಇನ್ನೊಂದು ಸತ್ತ ಯಂತ್ರದಿಂದ ಬಿಚ್ಚಿದ್ದೇ ಗತಿ. ಅದು ಎಷ್ಟು ದಿನ ಬಾಳುತ್ತದೆ ಎಂದು ಮಾರುವವನಿಗೂ ಗೊತ್ತಿಲ್ಲ.

ನಾನು ಹೋದಾಗ ಯಂತ್ರ ನಿಂತು ಒಂಬತ್ತು ದಿನವಾಗಿತ್ತು. ಯಜಮಾನರು ಹೇಳಿದ ಮಾತು ನನಗೆ ನೆನಪಿದೆ. "ಇದನ್ನ ಮಾರಿದ್ರೆ ಗುಜರಿ ತೂಕಕ್ಕೆ ಹೋಗುತ್ತೆ. ಹೊಸದಕ್ಕೆ ಸಾಲ ಮಾಡಿದ್ರೆ ನಾನೇ ಗುಜರಿಗೆ ಹೋಗ್ತೀನಿ. ನಡುವೆ ಏನಾದ್ರೂ ದಾರಿ ಇದೆಯಾ ಹೇಳಿ." ಏಳು ಜನರಲ್ಲಿ ನಾಲ್ವರನ್ನು ಅವರು ಊರಿಗೆ ಕಳುಹಿಸಿದ್ದರು. ಆರ್ಡರು ಕೊಟ್ಟವರು ಇನ್ನು ಹದಿನೈದು ದಿನ ಕಾಯುತ್ತೇವೆ, ಆಮೇಲೆ ಬೇರೆಯವರ ಹತ್ತಿರ ಹೋಗುತ್ತೇವೆ ಎಂದಿದ್ದರು. ಸಣ್ಣ ಕೈಗಾರಿಕೆಯಲ್ಲಿ ಒಮ್ಮೆ ಬೇರೆ ಕಡೆ ಹೋದ ಆರ್ಡರು ತಿರುಗಿ ಬರುವುದು ಕಷ್ಟ.

ದಾರಿ ಇದೆಯೇ ಇಲ್ಲವೇ ಎಂದು ಹೇಳುವ ಮೊದಲು ಯಂತ್ರದ ಮೈ ನೋಡಬೇಕು. ಗಾಡಿಯ ಅಚ್ಚೇ ಮುರಿದಿದ್ದರೆ ಹೊಸ ಎತ್ತು ಕಟ್ಟಿ ಪ್ರಯೋಜನವಿಲ್ಲ. ಸ್ಪಿಂಡಲ್ ಮೂತಿಗೆ ಡಯಲ್ ಗೇಜ್ ಇಟ್ಟು ಕೈಯಿಂದ ನಿಧಾನವಾಗಿ ತಿರುಗಿಸಿದೆವು. ಮುಳ್ಳು ಆಡಿದ್ದು ನಾಲ್ಕು ಮೈಕ್ರಾನ್. ಒಂದು ಮಿಲಿಮೀಟರನ್ನು ಸಾವಿರ ಭಾಗ ಮಾಡಿದರೆ ಅದರಲ್ಲಿ ನಾಲ್ಕು ಭಾಗ. ನಮ್ಮ ತಲೆಗೂದಲಿನ ದಪ್ಪ ಅದರ ಹತ್ತು ಹದಿನೈದು ಪಟ್ಟು ಇರುತ್ತದೆ. ಬೇರಿಂಗು ಗಟ್ಟಿಮುಟ್ಟಾಗಿತ್ತು. ಬೆಡ್ಡು ಸವೆದಿರಲಿಲ್ಲ, ಬಾಲ್‌ಸ್ಕ್ರೂ ಸಡಿಲವಾಗಿರಲಿಲ್ಲ. ಟನ್ನುಗಟ್ಟಲೆ ಎರಕದ ಕಬ್ಬಿಣ, ಇಷ್ಟು ವರ್ಷ ಕೂತು ಕೂತು ತನ್ನ ಸೆಡೆತವೆಲ್ಲ ಕಳೆದುಕೊಂಡು ಸ್ಥಿರವಾದದ್ದು. ಇಂಥ ಮೈಯನ್ನು ಗುಜರಿಗೆ ಹಾಕುವುದು ಅನ್ಯಾಯ. ಕೆಟ್ಟಿರುವುದು ಸ್ಪಿಂಡಲನ್ನು ತಿರುಗಿಸುವ ವ್ಯವಸ್ಥೆ ಮಾತ್ರ. ಹಳೆಯ ಡಿಸಿ ಮೋಟಾರು ಮತ್ತು ಡ್ರೈವು ತೆಗೆದು, ಎಸಿ ಮೋಟಾರು ಮತ್ತು ಈಗಿನ ಡ್ರೈವು ಕೂರಿಸೋಣ ಎಂದು ತೀರ್ಮಾನವಾಯಿತು.

ಮಕ್ಕಳೇ, ಡಿಸಿ ಮೋಟಾರಿನ ಚಿತ್ರ ವಿಜ್ಞಾನದ ಪುಸ್ತಕಗಳಲ್ಲಿದೆ. ಕಾಂತದ ನಡುವೆ ಸುರುಳಿ, ಸುರುಳಿಗೆ ವಿದ್ಯುತ್ತು ಕೊಡುವ ಬ್ರಷ್ಷು, ದಿಕ್ಕು ಬದಲಾಯಿಸುವ ಸೀಳುಂಗುರ. ಎಡಗೈಯ ಮೂರು ಬೆರಳು ಹಿಡಿದು ನೀವು ಬಾಯಿಪಾಠ ಮಾಡುವ ಫ್ಲೆಮಿಂಗ್ ನಿಯಮ. ಆ ಯಂತ್ರದ ಹಳೆಯ ಮೋಟಾರು ಅದೇ ಚಿತ್ರ, ಗಾತ್ರ ಮಾತ್ರ ದೊಡ್ಡದು. ಸೀಳುಂಗುರಕ್ಕೆ ನಾವು ಕಮ್ಯುಟೇಟರ್ ಎನ್ನುತ್ತೇವೆ. ಬ್ರಷ್ಷು ಎಂದರೆ ಕೂದಲಿನ ಬ್ರಷ್ಷಲ್ಲ, ಕಾರ್ಬನ್ನಿನ ತುಂಡು. ಅದು ಉಜ್ಜಿಕೊಂಡೇ ವಿದ್ಯುತ್ತು ಕೊಡಬೇಕು. ಉಜ್ಜಿದರೆ ಸವೆಯುತ್ತದೆ, ಸವೆದರೆ ಕರಿ ಪುಡಿ ಬೀಳುತ್ತದೆ. ಕಾರ್ಬನ್ನಿನ ಪುಡಿ ವಿದ್ಯುತ್ತನ್ನು ಒಯ್ಯುತ್ತದೆ. ಅದಕ್ಕೆ ಕೂಲೆಂಟಿನ ಹಸಿ ಸೇರಿದರೆ ಒಳಗೇ ಕಳ್ಳದಾರಿ ತೆರೆದುಕೊಂಡು ಡ್ರೈವಿನವರೆಗೂ ಪೆಟ್ಟು ಮುಟ್ಟುತ್ತದೆ. ಆದರೂ ಆ ಕಾಲದಲ್ಲಿ ಡಿಸಿ ಮೋಟಾರನ್ನೇ ಹಾಕಿದ್ದಕ್ಕೆ ಕಾರಣವಿತ್ತು. ಅದರ ವೇಗವನ್ನು ಬೇಕಾದಂತೆ ಏರಿಸಿ ಇಳಿಸುವುದು ಸುಲಭ. ವೋಲ್ಟೇಜು ಏರಿಸಿದರೆ ವೇಗ ಏರುತ್ತದೆ. ಅದು ಮುಗಿದ ಮೇಲೆ ಕಾಂತದ ಬಲವನ್ನು ತಗ್ಗಿಸಿದರೆ ಇನ್ನೂ ಏರುತ್ತದೆ.

ಎಸಿ ಮೋಟಾರಿನಲ್ಲಿ ಬ್ರಷ್ಷೇ ಇಲ್ಲ. ನಿಮ್ಮ ತೋಟದ ಮೂರು ಫೇಸಿನ ಪಂಪ್‌ಸೆಟ್ಟಿನ ಮೋಟಾರಿಗೆ ಇದು ದಾಯಾದಿ. ಆದರೆ ಪಂಪಿನ ಮೋಟಾರು ಒಂದೇ ವೇಗದಲ್ಲಿ ತಿರುಗುತ್ತದೆ. ಏಕೆಂದರೆ ಅದರ ವೇಗವನ್ನು ನಿರ್ಧರಿಸುವುದು ವಿದ್ಯುತ್ತಿನ ಆವೃತ್ತಿ. ಸೂತ್ರ ಸರಳ: 120ನ್ನು ಆವೃತ್ತಿಯಿಂದ ಗುಣಿಸಿ, ಧ್ರುವಗಳ ಸಂಖ್ಯೆಯಿಂದ ಭಾಗಿಸಿ. ನಾಲ್ಕು ಧ್ರುವದ ಮೋಟಾರಿಗೆ 50 ಹರ್ಟ್ಸ್ ಕೊಟ್ಟರೆ ನಿಮಿಷಕ್ಕೆ 1500 ಸುತ್ತು. ನಿಜವಾದ ವೇಗ ಇದಕ್ಕಿಂತ ಸ್ವಲ್ಪ ಕಡಿಮೆ. ಈಗಿನ ಡ್ರೈವು ಮಾಡುವುದೇನು? ಲೈನಿನಿಂದ ಬಂದ 50 ಹರ್ಟ್ಸಿನ ಎಸಿಯನ್ನು ಮೊದಲು ಡಿಸಿ ಮಾಡಿಕೊಳ್ಳುತ್ತದೆ, ಆಮೇಲೆ ಅದನ್ನು ಕತ್ತರಿಸಿ ಕತ್ತರಿಸಿ ನಮಗೆ ಬೇಕಾದ ಆವೃತ್ತಿಯ ಎಸಿ ಮಾಡಿ ಮೋಟಾರಿಗೆ ಕೊಡುತ್ತದೆ. 100 ಹರ್ಟ್ಸ್ ಕೊಟ್ಟರೆ 3000 ಸುತ್ತು, 10 ಹರ್ಟ್ಸ್ ಕೊಟ್ಟರೆ 300 ಸುತ್ತು.

ಲೇತಿಗೆ ಇಷ್ಟೆಲ್ಲ ವೇಗಗಳು ಯಾಕೆ ಬೇಕು? ಇಲ್ಲಿ ನಿಮ್ಮ ವೃತ್ತದ ಪರಿಧಿಯ ಪಾಠ ಬರುತ್ತದೆ. ಟೂಲಿನ ಮುಂದೆ ಉಕ್ಕು ನಿಮಿಷಕ್ಕೆ ಎಷ್ಟು ಮೀಟರ್ ಓಡಬೇಕು ಎಂಬುದು ಮುಖ್ಯ. 50 ಮಿಲಿಮೀಟರ್ ವ್ಯಾಸದ ಶಾಫ್ಟು, ನಿಮಿಷಕ್ಕೆ 200 ಮೀಟರ್ ಓಡಬೇಕು ಎಂದಿಟ್ಟುಕೊಳ್ಳಿ. ಒಂದು ಸುತ್ತಿಗೆ ಓಡುವುದು ಪೈ ಗುಣಿಸು 50, ಅಂದರೆ 157 ಮಿಲಿಮೀಟರ್. 200 ಮೀಟರ್ ಓಡಲು ಸುಮಾರು 1273 ಸುತ್ತು. ಟೂಲು ತುದಿಯನ್ನು ಕೆತ್ತುತ್ತಾ ಮಧ್ಯದ ಕಡೆಗೆ ಬಂದು ವ್ಯಾಸ 25 ಆದಾಗ ಅದೇ ಓಟಕ್ಕೆ 2546 ಸುತ್ತು ಬೇಕು. ಯಂತ್ರ ಈ ಲೆಕ್ಕವನ್ನು ಕ್ಷಣಕ್ಷಣವೂ ಮಾಡಿ ವೇಗ ಏರಿಸುತ್ತಾ ಹೋಗಬೇಕು. ಹಾಗಾದರೆ ಮಾತ್ರ ಮುಖವೆಲ್ಲ ಒಂದೇ ನಯ ಬರುತ್ತದೆ.

ಹೊಸ ಮೋಟಾರು ಎಷ್ಟು ದೊಡ್ಡದಿರಬೇಕು? ಹಳೆಯ ಮೋಟಾರಿನ ಫಲಕದ ಮೇಲೆ 11 ಕಿಲೋವ್ಯಾಟ್, 1150 ಮತ್ತು 3500 ಸುತ್ತು ಎಂದಿತ್ತು. ಮಾರುಕಟ್ಟೆಗೆ ಹೋಗಿ 11 ಕಿಲೋವ್ಯಾಟಿನ ಎಸಿ ಮೋಟಾರು ತಂದು ಕೂರಿಸಿದರೆ ಆಯಿತಲ್ಲ ಎಂದು ಅನೇಕರು ಹೇಳುತ್ತಾರೆ. ಲೆಕ್ಕ ಬೇರೆ ಹೇಳುತ್ತದೆ. ತಿರುಚುವ ಬಲ, ಅಂದರೆ ಟಾರ್ಕು, ತಿಳಿಯಲು 9550ನ್ನು ಕಿಲೋವ್ಯಾಟಿನಿಂದ ಗುಣಿಸಿ ವೇಗದಿಂದ ಭಾಗಿಸಬೇಕು. ಹಳೆಯದು 1150 ಸುತ್ತಿಗೇ ಪೂರ್ಣ ಶಕ್ತಿ ಕೊಡುತ್ತಿತ್ತು. ಅದರ ಟಾರ್ಕು ಸುಮಾರು 91 ನ್ಯೂಟನ್ ಮೀಟರ್. ಹೊಸ 11 ಕಿಲೋವ್ಯಾಟಿನದು 1500 ಸುತ್ತಿಗೆ ಪೂರ್ಣ ಶಕ್ತಿ ಕೊಡುತ್ತದೆ. ಅದರ ಟಾರ್ಕು 70 ಮಾತ್ರ. ನಿಧಾನ ವೇಗದಲ್ಲಿ ದಪ್ಪ ಶಾಫ್ಟಿಗೆ ಆಳವಾದ ಕಟ್ ಹಾಕಿದಾಗ ಹಳೆಯದು ಎಳೆಯುತ್ತಿತ್ತು, ಇದು ಮುಕ್ಕರಿಯುತ್ತದೆ. ಕೆಸರುಗದ್ದೆಯಲ್ಲಿ ಟ್ರ್ಯಾಕ್ಟರು ನಡೆಸಿದವರಿಗೆ ಈ ವ್ಯತ್ಯಾಸ ನಾನು ಹೇಳಬೇಕಾಗಿಲ್ಲ. 15 ಕಿಲೋವ್ಯಾಟಿನ ಮೋಟಾರಿಗೆ 95 ನ್ಯೂಟನ್ ಮೀಟರ್ ದಾಟುತ್ತದೆ. ಅದನ್ನೇ ಆರಿಸಿದೆವು. ಅದರಲ್ಲೂ 3500 ಸುತ್ತಿಗೆ ತಡೆಯುವ ಬೇರಿಂಗು, ಬ್ಯಾಲೆನ್ಸು ಇರುವಂಥದ್ದು, ಹಿಂದೆ ಬೇರೆ ಫ್ಯಾನು ಇರುವಂಥದ್ದು. ಅಚ್ಚಿಗೇ ಕಟ್ಟಿದ ಫ್ಯಾನು ಮೋಟಾರು ನಿಧಾನವಾದಾಗ ತಾನೂ ನಿಧಾನವಾಗುತ್ತದೆ. ಹೆಚ್ಚು ಬಿಸಿಯಾಗುವ ಹೊತ್ತಿನಲ್ಲೇ ಗಾಳಿ ಸಿಗುವುದಿಲ್ಲ.

ಏನನ್ನೂ ಬಿಚ್ಚುವ ಮೊದಲು ಮಾಡಿದ ಕೆಲಸ ಬರೆದುಕೊಳ್ಳುವುದು. ಹಳೆಯ ಸಿಎನ್‌ಸಿಯ ನೆನಪು ಬ್ಯಾಟರಿಯ ಮೇಲೆ ನಿಂತಿರುತ್ತದೆ. ಬ್ಯಾಟರಿ ಸತ್ತರೆ ಯಂತ್ರಕ್ಕೆ ತನ್ನ ಗುರುತೇ ಮರೆತುಹೋಗುತ್ತದೆ. ಸ್ಕ್ರೂವಿನ ಅಳತೆ, ಟೂಲಿನ ಅಳತೆ, ಮಿತಿಗಳು, ಎಲ್ಲವೂ ಮಾಯ. ಅದಕ್ಕೇ ಬ್ಯಾಟರಿಯನ್ನು ಯಂತ್ರ ಚಾಲೂ ಇರುವಾಗಲೇ ಬದಲಿಸಬೇಕು, ಪ್ಯಾರಾಮೀಟರುಗಳನ್ನು ಕಾಗದದ ಮೇಲೆ ಇಳಿಸಿಕೊಂಡಿರಬೇಕು. ಆ ಶೆಡ್ಡಿನ ಹಿರಿಯ ಆಪರೇಟರೊಬ್ಬರು, ವಯಸ್ಸು ಅರವತ್ತರ ಹತ್ತಿರ, ನಮ್ಮ ಕಡೆಯವರೇ, ಒಂದು ನೂರು ಪುಟದ ನೋಟ್‌ಬುಕ್ಕು ತಂದುಕೊಟ್ಟರು. ಯಂತ್ರ ಬಂದಾಗಿನಿಂದ ಅಲಾರಂ ಬಂದ ದಿನ, ಮಾಡಿದ ರಿಪೇರಿ, ಪ್ಯಾರಾಮೀಟರಿನ ಅಂಕಿಗಳು, ಎಲ್ಲವನ್ನೂ ಕನ್ನಡದಲ್ಲಿ ದುಂಡಾಗಿ ಬರೆದಿಟ್ಟಿದ್ದರು. ಏಳನೇ ತರಗತಿಗೆ ಶಾಲೆ ಬಿಟ್ಟವರು. ಕಾಪಿ ಬರೆಸಿದ ಯಾವ ಮೇಷ್ಟ್ರ ಪುಣ್ಯವೋ, ಆ ಅಕ್ಷರಗಳು ನಮ್ಮ ಮೂರು ದಿನದ ಕೆಲಸ ಉಳಿಸಿದವು.

ಆಮೇಲೆ ವೈರಿಂಗು. ಸಿಎನ್‌ಸಿಗೂ ಡ್ರೈವಿಗೂ ನಡೆಯುವ ಮಾತುಕತೆ ಸರಳವಾದದ್ದು. ಎಂ03 ಎಂದರೆ ಒಂದು ದಿಕ್ಕಿಗೆ ತಿರುಗು, ಎಂ04 ಎಂದರೆ ಇನ್ನೊಂದು ದಿಕ್ಕಿಗೆ, ಎಂ05 ಎಂದರೆ ನಿಲ್ಲು. ಎಷ್ಟು ವೇಗ ಎಂಬುದನ್ನು ವೋಲ್ಟಿನಲ್ಲಿ ಹೇಳುತ್ತದೆ. ಈ ಯಂತ್ರದಲ್ಲಿ 10 ವೋಲ್ಟ್ ಎಂದರೆ 3500 ಸುತ್ತು, 5 ವೋಲ್ಟ್ ಎಂದರೆ 1750. ಇದು ನೀವು ಕಲಿಯುವ ನೇರ ಅನುಪಾತ, ಅಷ್ಟೆ. ಡ್ರೈವು ತಿರುಗಿ ಉತ್ತರ ಕೊಡಬೇಕು: ಸಿದ್ಧನಿದ್ದೇನೆ, ಹೇಳಿದ ವೇಗ ಮುಟ್ಟಿದ್ದೇನೆ, ಪೂರ್ತಿ ನಿಂತಿದ್ದೇನೆ, ನನಗೆ ತೊಂದರೆಯಾಗಿದೆ.

ಈ ಉತ್ತರಗಳ ವಿಷಯದಲ್ಲಿ ಕಳ್ಳದಾರಿ ಹಿಡಿಯುವವರಿದ್ದಾರೆ. ಒಂದು ತುಂಡು ವೈರು ಹಾಕಿ, "ವೇಗ ಮುಟ್ಟಿದ್ದೇನೆ" ಎಂಬ ಉತ್ತರ ಸದಾ ಬರುತ್ತಿರುವಂತೆ ಮಾಡಿಬಿಡುತ್ತಾರೆ. ಯಂತ್ರ ಓಡುತ್ತದೆ, ಬಿಲ್ಲೂ ಆಗುತ್ತದೆ. ಆದರೆ ಸ್ಪಿಂಡಲ್ ಇನ್ನೂ ವೇಗ ಹಿಡಿಯುತ್ತಿರುವಾಗಲೇ ಟೂಲು ಬಂದು ಕಚ್ಚುತ್ತದೆ, ಮುರಿಯುತ್ತದೆ. "ಪೂರ್ತಿ ನಿಂತಿದ್ದೇನೆ" ಎಂಬುದಕ್ಕೂ ಹೀಗೇ ಮಾಡಿದರೆ ಇನ್ನೂ ಘೋರ. ಚಕ್ಕು ತಿರುಗುತ್ತಿರುವಾಗಲೇ ಬಾಯಿ ಬಿಡಬಹುದು. ಕೆಜಿಗಟ್ಟಲೆ ತೂಕದ ಉಕ್ಕಿನ ಶಾಫ್ಟು ಕವಣೆಯ ಕಲ್ಲಿನ ಹಾಗೆ ಹಾರಿ ಬರುತ್ತದೆ. ಎದುರಿಗೆ ನಿಂತಿರುವವನು ಯಾರದೋ ಮನೆಯ ಮಗ. ಆದ್ದರಿಂದ ನಮ್ಮಲ್ಲಿ ಒಂದು ಕಟ್ಟುನಿಟ್ಟು: ಪ್ರತಿಯೊಂದು ಉತ್ತರವೂ ಡ್ರೈವಿನಿಂದಲೇ ನಿಜವಾಗಿ ಬರಬೇಕು, ಒಂದೊಂದನ್ನೂ ಬೇರೆಬೇರೆಯಾಗಿ ಪರೀಕ್ಷಿಸಬೇಕು. ತುರ್ತು ನಿಲುಗಡೆಯ ಕೆಂಪು ಗುಂಡಿಯನ್ನು ಎಲ್ಲಕ್ಕಿಂತ ಮೊದಲು.

ನಿಲ್ಲಿಸುವ ವಿಷಯವೂ ಸಣ್ಣದಲ್ಲ. ತಿರುಗುವ ಚಕ್ಕಿನಲ್ಲಿ ಚಲನಶಕ್ತಿ ತುಂಬಿರುತ್ತದೆ. ವೇಗ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟು, ವರ್ಗದ ಲೆಕ್ಕ. ಆ ಯಂತ್ರದಲ್ಲಿ 3000 ಸುತ್ತಿನಲ್ಲಿ ಸುಮಾರು 15 ಕಿಲೋಜೌಲ್ ಆಗುತ್ತಿತ್ತು. ಸಾವಿರ ವ್ಯಾಟಿನ ಹೀಟರು 15 ಸೆಕೆಂಡು ಉರಿದಷ್ಟು. ಅದನ್ನು ಮೂರು ಸೆಕೆಂಡಿನಲ್ಲಿ ಎಲ್ಲಾದರೂ ಕಳೆಯಬೇಕು. ಬ್ರೇಕು ಹಾಕಿದಾಗ ಮೋಟಾರು ಸೈಕಲ್ಲಿನ ಡೈನಮೊ ಥರ ಆಗಿ ವಿದ್ಯುತ್ತನ್ನು ಹಿಂದಕ್ಕೆ ತಳ್ಳುತ್ತದೆ. ಅದನ್ನು ಸುಟ್ಟುಹಾಕಲು ಒಂದು ದೊಡ್ಡ ರೆಸಿಸ್ಟರನ್ನು ಪ್ಯಾನೆಲಿನ ನೆತ್ತಿಯ ಮೇಲೆ, ಗಾಳಿಯಾಡುವ ಕಡೆ ಕೂರಿಸಿದೆವು.

ಇಲ್ಲೊಂದು ಎಚ್ಚರಿಕೆಯ ಮಾತು. ಇದು ಊರಿನವರೆಲ್ಲರಿಗೂ. ಈಗ ತೋಟಗಳಲ್ಲೂ, ಸೋಲಾರ್ ಪಂಪುಗಳಲ್ಲೂ ಇಂಥ ಡ್ರೈವುಗಳು ಬಂದಿವೆ. ಮೂರು ಫೇಸಿನ 415 ವೋಲ್ಟನ್ನು ಡಿಸಿ ಮಾಡಿದರೆ ಸುಮಾರು 587 ವೋಲ್ಟ್ ಆಗುತ್ತದೆ. ಅದು ಡ್ರೈವಿನ ಒಳಗಿನ ಕೆಪಾಸಿಟರುಗಳಲ್ಲಿ ತುಂಬಿಕೊಂಡಿರುತ್ತದೆ. ಮೇನ್ ಆಫ್ ಮಾಡಿದ ಮೇಲೂ ಅದು ಒಳಗೇ ಕಾದು ಕೂತಿರುತ್ತದೆ. ಕರೆಂಟು ಹೋಗಿದೆ, ಏನಾಗುತ್ತದೆ ಎಂದು ಮುಚ್ಚಳ ತೆಗೆದು ಕೈ ಇಟ್ಟರೆ ಜೀವ ಹೋಗಬಹುದು. ಡ್ರೈವಿನ ಮೇಲೆ ಎಷ್ಟು ನಿಮಿಷ ಕಾಯಬೇಕೆಂದು ಬರೆದಿರುತ್ತದೆ. ಅಷ್ಟು ಹೊತ್ತು ಕಾಯಬೇಕು, ಕಾದ ಮೇಲೂ ಮೀಟರಿನಿಂದ ಅಳೆದೇ ಮುಟ್ಟಬೇಕು. ಗೊತ್ತಿಲ್ಲದವರು ತೆರೆಯಲೇಬಾರದು. ಸ್ಟಾರ್ಟರ್ ಡಬ್ಬಿಗೆ ಕಡ್ಡಿ ಚುಚ್ಚಿ ಮೋಟಾರು ಎತ್ತುವ ಅಭ್ಯಾಸ ನಮ್ಮ ಕಡೆ ಇನ್ನೂ ಇದೆ. ದಯವಿಟ್ಟು ಬಿಡಿ.

ಹನ್ನೊಂದನೆಯ ದಿನ ಮೋಟಾರು ತಿರುಗಿಸಿ ನೋಡಿದೆವು. ಮೊದಲು ಬೆಲ್ಟು ಹಾಕದೆ ಬರೀ ಮೋಟಾರು. ದಿಕ್ಕು ಸರಿಯಿದೆಯೇ, ಅಳತೆಯ ವೇಗವೂ ಹೇಳಿದ ವೇಗವೂ ಒಂದೇ ಇದೆಯೇ ಎಂದು 500, 1000, 2000, 3500 ಎಂದು ಟ್ಯಾಕೊಮೀಟರು ಹಿಡಿದು ನೋಡಿದೆವು. ಆಮೇಲೆ ಬೆಲ್ಟು ಹಾಕಿ, ಒಂದೊಂದು ವೇಗದಲ್ಲೂ ಇಪ್ಪತ್ತು ನಿಮಿಷ ಬಿಟ್ಟು, ಬೇರಿಂಗಿನ ಮೇಲೆ ಕೈಯಿಟ್ಟು ಬಿಸಿ ನೋಡಿದೆವು. ಶಾಫ್ಟು ಕೆತ್ತಿದಾಗ ಸೈಜೂ ಸರಿ ಬಂತು, ನಯವೂ ಬಂತು. ಯಜಮಾನರು ಟೀ ತರಿಸಿದರು.

ಆದರೆ ಶಾಫ್ಟಿನ ತುದಿಗೆ ಥ್ರೆಡ್ ಹಾಕಿದಾಗ ತೊಡಕು ಬಂತು. ಥ್ರೆಡ್ಡನ್ನು ಒಂದೇ ಸಲ ಕತ್ತರಿಸುವುದಿಲ್ಲ. ಟೂಲು ಹತ್ತಾರು ಸಲ ಅದೇ ಗೀರಿನಲ್ಲಿ ಹಾದು ಆಳ ಮಾಡುತ್ತಾ ಹೋಗುತ್ತದೆ. ಪ್ರತಿ ಸಲವೂ ಸ್ಪಿಂಡಲ್ ಸುತ್ತಿನ ಅದೇ ಜಾಗದಿಂದ ಶುರುವಾಗಬೇಕು. ಆ ಜಾಗವನ್ನು ಹೇಳಲು ಎನ್‌ಕೋಡರ್ ಎಂಬ ಉಪಕರಣವಿದೆ. ಅದು ಒಂದು ಸುತ್ತಿಗೆ 1024 ಎಣಿಕೆ ಕೊಡುತ್ತದೆ, ಸುತ್ತು ಪೂರ್ತಿಯಾದಾಗ ಒಂದು ಗುರುತು ಕೊಡುತ್ತದೆ. ಆರು ತುಂಡಿನಲ್ಲಿ ನಾಲ್ಕು ಸರಿಯಾದವು, ಎರಡರಲ್ಲಿ ಗೀರಿನ ಪಕ್ಕ ಇನ್ನೊಂದು ಗೀರು. ಡ್ರೈವಿನ ಸದ್ದು ಎನ್‌ಕೋಡರಿನ ತಂತಿಗೆ ಹಾಯುತ್ತಿದೆಯೇ ಎಂಬ ಅನುಮಾನ ಎಲ್ಲರಿಗೂ. ಈ ಡ್ರೈವುಗಳು ವಿದ್ಯುತ್ತನ್ನು ಸೆಕೆಂಡಿಗೆ ಸಾವಿರಾರು ಸಲ ಕತ್ತರಿಸುವುದರಿಂದ ಪಕ್ಕದ ತಂತಿಗಳಿಗೆ ಗಲಾಟೆ ಹತ್ತುವುದುಂಟು. ಅದಕ್ಕಾಗಿಯೇ ಹೆಣಿಗೆಯ ಕವಚವಿರುವ ತಂತಿ ಹಾಕಿ, ಬೇರೆ ದಾರಿಯಲ್ಲಿ ಒಯ್ದು, ಅರ್ತಿಂಗ್ ಸರಿಯಾಗಿ ಮಾಡಿದ್ದೆವು. ಆಸಿಲೊಸ್ಕೋಪಿನಲ್ಲಿ ನೋಡಿದರೆ ಎಣಿಕೆ ಸ್ವಚ್ಛವಾಗಿತ್ತು.

ಆಗ ಆ ನೋಟ್‌ಬುಕ್ಕಿನ ಹಿರಿಯರು ಹತ್ತಿರ ಬಂದು, "ಸಾರ್, ಗಂಟಲು ಬದಲಾಗಿದೆ ಅನ್ನೋದು ಸರಿ, ಹೊಸಾ ಮೋಟಾರು. ಆದ್ರೆ ಸ್ಟಾರ್ಟ್ ಆಗೋವಾಗ ಹಿಂದುಗಡೆ ಒಂದು ಟಿಕ್ ಅನ್ನುತ್ತೆ. ಅದು ಮೋಟಾರಿಂದಲ್ಲ" ಅಂದರು. ನಮಗೆ ಯಾರಿಗೂ ಕೇಳಿಸಿರಲಿಲ್ಲ. ಪಕ್ಕದ ಯಂತ್ರಗಳನ್ನೆಲ್ಲ ನಿಲ್ಲಿಸಿಸಿ ಕಿವಿಗೊಟ್ಟೆವು. "ಹೌದು ಅಣ್ಣ, ಇದೆ" ಎಂದೆ. ಎನ್‌ಕೋಡರಿಗೆ ಸ್ಪಿಂಡಲಿನಿಂದ ಒಂದು ಸಣ್ಣ ಹಲ್ಲಿನ ಬೆಲ್ಟು ಇರುತ್ತದೆ. ಕವರು ಬಿಚ್ಚಿ ನೋಡಿದರೆ ಅದರ ಮೂರು ನಾಲ್ಕು ಹಲ್ಲುಗಳು ಬುಡ ಸವೆದು ಮಲಗಿದ್ದವು. ಹಳೆಯ ಡ್ರೈವು ನಿಧಾನವಾಗಿ ವೇಗ ಹಿಡಿಯುತ್ತಿತ್ತು, ಬೆಲ್ಟು ಹೇಗೋ ತಡೆಯುತ್ತಿತ್ತು. ಹೊಸದು ಜೋರಾಗಿ ಎಳೆದಾಗ ಒಂದೊಂದು ಸಲ ಒಂದು ಹಲ್ಲು ಜಾರುತ್ತಿತ್ತು. ಜಾರಿದರೆ ಸುತ್ತಿನ ಗುರುತೇ ಸರಿದುಹೋಗುತ್ತದೆ, ಮುಂದಿನ ಗೀರು ಪಕ್ಕಕ್ಕೆ ಬೀಳುತ್ತದೆ. ಅಂಗೈ ಅಗಲದ ಬೆಲ್ಟು. ಸಂಜೆಯೊಳಗೆ ತಂದು ಹಾಕಿದೆವು. ಮಾರನೆಯ ದಿನ ಐವತ್ತು ತುಂಡು ಕೆತ್ತಿ, ಐವತ್ತಕ್ಕೂ ಗೇಜು ಹಾಕಿ ನೋಡಿದರು. ಒಂದೂ ತಿರಸ್ಕಾರವಾಗಲಿಲ್ಲ.

ಊರಿಗೆ ಹೋಗಿದ್ದ ನಾಲ್ವರಿಗೂ ಅವತ್ತೇ ಫೋನು ಹೋಯಿತು. ಮೂವರು ಬಂದರು. ಒಬ್ಬ ಹುಡುಗ ಅಷ್ಟರಲ್ಲಿ ಬೇರೆ ಕೆಲಸ ಹಿಡಿದಿದ್ದ. ಆರ್ಡರು ಉಳಿಯಿತು. ಒಟ್ಟು ಖರ್ಚು ಅದೇ ಅಳತೆಯ ಹೊಸ ಯಂತ್ರದ ಬೆಲೆಯ ಹತ್ತನೇ ಒಂದು ಭಾಗ ದಾಟಲಿಲ್ಲ. ಎಲ್ಲ ಹಳೆಯ ಯಂತ್ರಕ್ಕೂ ಈ ಚಿಕಿತ್ಸೆ ಸಲ್ಲುತ್ತದೆ ಎಂದು ನಾನು ಹೇಳುವುದಿಲ್ಲ. ಬೆಡ್ಡು ಸವೆದು, ಸ್ಪಿಂಡಲ್ ಅಲ್ಲಾಡುವ ಯಂತ್ರಕ್ಕೆ ಹೊಸ ಡ್ರೈವು ಹಾಕಿಸಿಕೊಳ್ಳಿ ಎಂದು ಹೇಳುವವನು ನಿಮ್ಮ ದುಡ್ಡಿನ ಮೇಲೆ ಕಣ್ಣಿಟ್ಟವನು. ನೋಡಿ, ಅಳೆದು, ಬೇಡ ಎನ್ನಬೇಕಾದ ಕಡೆ ಬೇಡ ಎನ್ನುವುದೂ ನಮ್ಮ ಕಸುಬಿನ ಭಾಗ.

ಮಕ್ಕಳೇ, ಈಗ ಹೇಳಿ, ಎಷ್ಟು ಪಾಠ ಸಿಕ್ಕಿದವು? ವೃತ್ತದ ಪರಿಧಿ, ನೇರ ಅನುಪಾತ, ಫ್ಲೆಮಿಂಗ್ ನಿಯಮ, ಡೈನಮೊ, ಚಲನಶಕ್ತಿ. ಇವೆಲ್ಲವನ್ನೂ ನಾನು ಕಲಿತದ್ದು ಈ ಕಟ್ಟಡದಲ್ಲಿ, ಕನ್ನಡದಲ್ಲಿ. ಡಿಪ್ಲೊಮಾಕ್ಕೆ ಹೋದಾಗ ಇಂಗ್ಲಿಷು ಕಷ್ಟವಾಯಿತು, ನಿಜ. ಆದರೆ ವಿಷಯ ತಲೆಯಲ್ಲಿ ಗಟ್ಟಿಯಾಗಿ ಕೂತಿದ್ದರಿಂದ ಬರೀ ಹೆಸರುಗಳನ್ನು ಹೊಸದಾಗಿ ಕಲಿತರೆ ಸಾಕಾಯಿತು. ಹತ್ತನೇ ತರಗತಿ ಆದ ಮೇಲೆ ಎಲ್ಲರೂ ಒಂದೇ ದಾರಿಯಲ್ಲಿ ಹೋಗಬೇಕಿಲ್ಲ. ಐಟಿಐಯಲ್ಲಿ ಟರ್ನರ್, ಮೆಷಿನಿಸ್ಟ್, ಎಲೆಕ್ಟ್ರಿಷಿಯನ್ ಇವೆ. ಜಿಟಿಟಿಸಿಯಲ್ಲಿ ಡಿಪ್ಲೊಮಾಗಳಿವೆ. ಹೆಣ್ಣುಮಕ್ಕಳೂ ಬರುತ್ತಿದ್ದಾರೆ, ಬರಬೇಕು. ಡಯಲ್ ಗೇಜಿನ ಮುಳ್ಳಿಗೆ ನೋಡುವವರು ಗಂಡೋ ಹೆಣ್ಣೋ ಗೊತ್ತಾಗುವುದಿಲ್ಲ. ತಂದೆತಾಯಿಗಳಲ್ಲಿ ಒಂದು ವಿನಂತಿ: ಕೈಗೆ ಎಣ್ಣೆ ಮೆತ್ತುವ ಕೆಲಸ ಕೀಳು ಎಂದು ಮಕ್ಕಳ ಮುಂದೆ ಹೇಳಬೇಡಿ. ಆ ಕೈಗಳು ನಿಮ್ಮ ಬೋರ್‌ವೆಲ್ಲಿನ ಶಾಫ್ಟನ್ನು ಮಾಡಿವೆ.

ಕೊನೆಯದಾಗಿ ಒಂದು ಸಣ್ಣ ಕಾಣಿಕೆ. ಆ ಯಂತ್ರದಿಂದ ಬಿಚ್ಚಿದ ಡಿಸಿ ಮೋಟಾರಿನ ತಿರುಗುವ ಭಾಗವನ್ನು ಗುಜರಿಗೆ ಹಾಕದೆ ಯಜಮಾನರು ನನಗೆ ಕೊಟ್ಟರು. ಅದನ್ನು ಚೊಕ್ಕ ಮಾಡಿ, ಕಬ್ಬಿಣದ ಸ್ಟ್ಯಾಂಡಿನ ಮೇಲೆ ಬೇರಿಂಗು ಕೊಟ್ಟು ಕೂರಿಸಿ ತಂದಿದ್ದೇನೆ. ಕಮ್ಯುಟೇಟರಿನ ತಾಮ್ರದ ಪಟ್ಟಿಗಳು, ಸುರುಳಿಗಳು, ಕಾರ್ಬನ್ ಬ್ರಷ್ಷು, ಎಲ್ಲ ಕಣ್ಣಿಗೆ ಕಾಣುವ ಹಾಗಿವೆ. ವಿಜ್ಞಾನದ ಮೇಷ್ಟ್ರು ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಬಾರದು, ಇದೊಂದೇ ಷರತ್ತು. ಮಕ್ಕಳು ಕೈಯಿಂದ ತಿರುಗಿಸಿ ನೋಡಲಿ, ಪುಸ್ತಕದ ಚಿತ್ರದ ಪಕ್ಕ ಇಟ್ಟು ಹೋಲಿಸಲಿ. ಪೀಣ್ಯಕ್ಕೆ ಬಂದು ನೋಡಬೇಕೆನ್ನುವ ಮಕ್ಕಳನ್ನು ಮೇಷ್ಟ್ರು ಕರೆದುಕೊಂಡು ಬರಲಿ, ಆ ಶೆಡ್ಡಿನ ಯಜಮಾನರು ಒಪ್ಪಿದ್ದಾರೆ. ಊಟದ ವ್ಯವಸ್ಥೆ ನನ್ನದು.